ತೋಟದ ಮನೆಗೆ ಹೊಸ ನಾಯಿಮರಿ: ಮೊದಲ ಮೂರು ತಿಂಗಳ ಪಾಲನೆ

ಕಳ್ಳಕಾಕರ ಭಯ, ಕಾಡುಹಂದಿಯ ಹಾವಳಿ, ಮಂಗಗಳ ಕಾಟ ಈ ಮೂರರಲ್ಲಿ ಒಂದಕ್ಕಾದರೂ ಬೇಸತ್ತು ನಾಯಿಮರಿ ತಂದು ಸಾಕದ ತೋಟದ ಮನೆ ನಮ್ಮ ರಾಜ್ಯದಲ್ಲಿ ಅಪರೂಪ. ಆದರೆ ಎತ್ತು ಕೊಳ್ಳುವಾಗ ಹಲ್ಲು, ಸುಳಿ, ಗೊರಸು ನೋಡುವ, ಹಸು ಕೊಳ್ಳುವಾಗ ಎರಡು ಹೊತ್ತು ಹಾಲು ಕರೆಸಿ ನೋಡುವ ರೈತ, ನಾಯಿಮರಿಯ ವಿಷಯದಲ್ಲಿ ಮಾತ್ರ ಅಷ್ಟಾಗಿ ಯೋಚಿಸುವುದಿಲ್ಲ. ಸಂತೆಗೆ ಹೋದವನು ಕೈಚೀಲದಲ್ಲಿ ಹಾಕಿಕೊಂಡು ಬರುತ್ತಾನೆ. ಕೊಟ್ಟಿಗೆಯ ಮೂಲೆಯ ಗೂಟಕ್ಕೆ ಕಟ್ಟುತ್ತಾನೆ. ರಾತ್ರಿಯೆಲ್ಲ ಅದು ಕುಂಯ್‌ಗುಟ್ಟಿದರೆ ಗದರಿಸುತ್ತಾನೆ. ವರ್ಷ ತುಂಬುವ ಮೊದಲೇ ಆ ನಾಯಿ ಹಾಲಿನ ಸಂಘದ ಹುಡುಗನನ್ನು ಕಚ್ಚಿತು, ನೆರೆಯವರ ಕೋಳಿ ಹಿಡಿಯಿತು, ಕಳ್ಳ ಬಂದ ದಿನ ಮಾತ್ರ ಬಾಯಿ ಬಿಡಲಿಲ್ಲ ಎಂಬ ದೂರು ಕೇಳಿಬರುತ್ತದೆ. ಜಾತಿ ಒಳ್ಳೆಯದಲ್ಲವೆಂದು ಅನೇಕರು ಅದಕ್ಕೆ ಕಾರಣ ಹೇಳುವುದುಂಟು. ಆದರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು ಜಾತಿಯದಲ್ಲ, ಮರಿ ಮನೆಗೆ ಬಂದ ಮೊದಲ ಮೂರು ತಿಂಗಳ ಪಾಲನೆಯದು.

ಯಾವ ವಯಸ್ಸಿನಲ್ಲಿ ತರಬೇಕು?

ನಾಯಿಮರಿ ಹುಟ್ಟುವಾಗ ಕಣ್ಣು ಕಾಣದು, ಕಿವಿ ಕೇಳದು. 10ರಿಂದ 14 ದಿನಗಳಲ್ಲಿ ಕಣ್ಣು ತೆರೆಯುತ್ತದೆ. ಮೂರನೆಯ ವಾರ ಮುಗಿಯುವ ವೇಳೆಗೆ ಅದು ಸುತ್ತಲಿನ ಸದ್ದು, ವಾಸನೆ, ಚಲನೆಗಳನ್ನು ಗಮನಿಸತೊಡಗುತ್ತದೆ. ಈ ಮೂರನೆಯ ವಾರದಿಂದ ಹೆಚ್ಚುಕಡಿಮೆ ಹದಿಮೂರು ಹದಿನಾಲ್ಕನೆಯ ವಾರದವರೆಗಿನ ಅವಧಿ ನಾಯಿಯ ಜೀವಮಾನದಲ್ಲಿಯೇ ಅತಿ ಮುಖ್ಯವಾದುದು. ಈ ಅವಧಿಯಲ್ಲಿ ಅದು ಯಾರನ್ನು, ಯಾವುದನ್ನು ನೋಡಿ ಹೆದರದೆ ಇರಲು ಕಲಿಯುತ್ತದೆಯೋ ಅದನ್ನೆಲ್ಲ ಮುಂದೆ ತನ್ನ ಲೋಕದ ಸಹಜ ಭಾಗವೆಂದು ಸ್ವೀಕರಿಸುತ್ತದೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಈ ಬಗ್ಗೆ ಅನೇಕ ವರ್ಷ ಅಧ್ಯಯನ ನಡೆಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅದೇ ಕೇಂದ್ರದಲ್ಲಿ ನಡೆದು 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹದಿನಾಲ್ಕು ವಾರಗಳವರೆಗೆ ಮನುಷ್ಯರ ಸಂಪರ್ಕವೇ ಇಲ್ಲದೆ ಬೆಳೆದ ಮರಿಗಳು ಅನಂತರ ಎಷ್ಟು ಉಪಚರಿಸಿದರೂ ಮನುಷ್ಯರಿಗೆ ಸರಿಯಾಗಿ ಹೊಂದಿಕೊಳ್ಳಲಿಲ್ಲ. ಬೇಸಾಯಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇದು ಬಿತ್ತನೆಯ ಹದದಂತೆ. ಹದ ತಪ್ಪಿದ ಮೇಲೆ ಬೀಜ ಎಷ್ಟು ಒಳ್ಳೆಯದಾದರೂ ಮೊಳಕೆ ಅಷ್ಟಕ್ಕಷ್ಟೆ.

ಹಾಗೆಂದು ಒಂದು ತಿಂಗಳ ಮರಿಯನ್ನು ತಾಯಿಯಿಂದ ಕಿತ್ತು ತರುವುದೂ ತರವಲ್ಲ. ನಾಲ್ಕನೆಯ ವಾರಕ್ಕೆ ಮರಿ ಅಂಬಲಿ ನೆಕ್ಕಲು ಕಲಿತರೂ ಅದರ ಪಾಠ ಮುಗಿದಿರುವುದಿಲ್ಲ. ಒಡಹುಟ್ಟಿದ ಮರಿಗಳೊಡನೆ ಕಚ್ಚಾಡುವಾಗ ಹಲ್ಲನ್ನು ಎಷ್ಟು ಬಿಗಿಯಾಗಿ ಊರಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದು ಕಲಿಯುವುದು ಐದರಿಂದ ಎಂಟನೆಯ ವಾರದೊಳಗೆ. ಈ ಪಾಠ ತಪ್ಪಿದ ಮರಿ ಮುಂದೆ ಆಟಕ್ಕೂ ಬಲವಾಗಿ ಕಚ್ಚುತ್ತದೆ. ಆದ್ದರಿಂದ ಎಂಟು ವಾರ ತುಂಬಿದ ಮರಿಯನ್ನು ತರುವುದು ಸೂಕ್ತ. ಸಾಧ್ಯವಾದರೆ ತಾಯಿ ನಾಯಿಯನ್ನು ಕಣ್ಣಾರೆ ನೋಡಬೇಕು. ತಾಯಿ ಅಪರಿಚಿತರನ್ನು ಕಂಡು ಮೂಲೆಗೆ ಸರಿದು ಗುರುಗುಟ್ಟುವಂತಿದ್ದರೆ ಮರಿಗಳಲ್ಲಿಯೂ ಆ ಪುಕ್ಕಲು ಗುಣ ಬರುವ ಸಂಭವ ಹೆಚ್ಚು.

ಮುಧೋಳ ತಳಿಯ ಬಗ್ಗೆ ಇಲ್ಲಿ ಒಂದು ಮಾತು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯ ಚೀಟಿಯ ಮೇಲೆ ಸ್ಥಾನ ಪಡೆದ ಈ ತಳಿಗೆ ಈಗ ಬೇಡಿಕೆ ಹೆಚ್ಚಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಆದರೆ ಇದು ಮೂಲತಃ ಓಡುವ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಅಟ್ಟುವ ನಾಯಿ. ಮುಂದೆ ಏನು ಓಡಿದರೂ, ಅದು ಮೊಲವಾಗಲಿ ಆಡಿನ ಮರಿಯಾಗಲಿ, ಬೆನ್ನಟ್ಟುವುದು ಅದರ ರಕ್ತದಲ್ಲಿದೆ. ಕೋಳಿ, ಆಡು ಸಾಕುವವರು ಇದನ್ನು ತಿಳಿದೇ ತರಬೇಕು. ಅದರ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಬರಿಯ ಸಿಮೆಂಟ್ ನೆಲದ ಮೇಲೆ ಮಲಗಿಸಿದರೆ ಚಳಿಗೂ ನರಳುತ್ತದೆ, ಮೊಣಕೈಯೂ ಜಡ್ಡುಗಟ್ಟುತ್ತದೆ. ಕೇವಲ ಮನೆ ಕಾವಲಿಗಾದರೆ ಊರಿನಲ್ಲೇ ಸಿಗುವ ಆರೋಗ್ಯವಂತ ನಾಟಿ ಮರಿ ಯಾವುದಕ್ಕೂ ಕಡಿಮೆಯಲ್ಲ. ನಮ್ಮ ಹವೆಗೆ ಒಗ್ಗಿರುವ ಅದನ್ನು ಬಿಟ್ಟು, ದಪ್ಪ ಕೂದಲಿನ ವಿದೇಶಿ ತಳಿಯನ್ನು ರಾಯಚೂರಿನ ಬೇಸಿಗೆಗೆ ತಂದು ಕಟ್ಟುವುದರಲ್ಲಿ ಅರ್ಥವಿಲ್ಲ.

ಮೊದಲ ರಾತ್ರಿಗಳು

ಮರಿಯನ್ನು ಬೆಳಗಿನ ಹೊತ್ತು ತರುವುದು ಒಳ್ಳೆಯದು. ಕತ್ತಲಾಗುವುದರೊಳಗೆ ಅದು ಮನೆಯ ಅಂಗಳ, ಜಗಲಿ, ನೀರಿನ ಬೋಗುಣಿ, ಮಲಗುವ ಜಾಗಗಳನ್ನು ಮೂಸಿ ತಿಳಿದುಕೊಳ್ಳಲು ಸಮಯ ಸಿಗುತ್ತದೆ. ತಾಯಿ ಮಲಗುತ್ತಿದ್ದ ಜಾಗದ ಹಳೆಯ ಬಟ್ಟೆ ಅಥವಾ ಗೋಣಿತಾಟಿನ ತುಂಡೊಂದನ್ನು ಕೇಳಿ ತರಬೇಕು. ಅದರ ವಾಸನೆ ಮರಿಗೆ ದೊಡ್ಡ ಸಮಾಧಾನ. ಅಲ್ಲಿ ಏನು ತಿನ್ನಿಸುತ್ತಿದ್ದರು ಎಂಬುದನ್ನೂ ವಿಚಾರಿಸಿಕೊಂಡು, ಮೊದಲ ಐದಾರು ದಿನ ಅದೇ ಆಹಾರ ಕೊಟ್ಟು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು. ಜಾಗವೂ ಹೊಸದು, ಆಹಾರವೂ ಹೊಸದಾದರೆ ಭೇದಿ ಕಟ್ಟಿಟ್ಟ ಬುತ್ತಿ.

ಹುಟ್ಟಿದಂದಿನಿಂದ ತಾಯಿಯ ಹೊಟ್ಟೆಗೆ ಒರಗಿ, ಒಡಹುಟ್ಟಿದವರ ನಡುವೆ ಮಲಗಿದ ಜೀವ ಮೊದಲ ರಾತ್ರಿ ಅಳುವುದು ಸಹಜ. ಅದನ್ನು ಹಟವೆಂದು ತಿಳಿದು ಕೋಲಿನಿಂದ ಗದರಿಸುವುದು ಅಥವಾ ಕೊಟ್ಟಿಗೆಯಾಚೆ ಕತ್ತಲಲ್ಲಿ ಒಂಟಿಯಾಗಿ ಕೂಡುವುದು ದೊಡ್ಡ ತಪ್ಪು. ಹಗ್ಗದ ಮಂಚದ ಪಕ್ಕದಲ್ಲಿ, ಇಲ್ಲವೆ ಜಗಲಿಯಲ್ಲಿ ಯಾರಾದರೂ ಮಲಗುವ ಜಾಗದ ಸಮೀಪ, ಟೊಮೆಟೊ ತುಂಬುವ ಹಳೆಯ ಕ್ರೇಟು ಅಥವಾ ಮರದ ಪೆಟ್ಟಿಗೆಯೊಂದನ್ನು ಒರಗಿಸಿ, ಒಳಗೆ ಒಣಹುಲ್ಲು ಹಾಸಿ ಮೇಲೆ ಆ ಹಳೆಯ ಗೋಣಿತಾಟನ್ನು ಹಾಕಿದರೆ ಸಾಕು. ಚಳಿಗಾಲವಾದರೆ ಬೆಚ್ಚನೆಯ ನೀರು ತುಂಬಿದ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ ಬದಿಯಲ್ಲಿಡಬಹುದು. ಅತ್ತಾಗ ಕೈ ಇಳಿಬಿಟ್ಟು ಮುಟ್ಟಿದರೆ ಮರಿ ಸುಮ್ಮನಾಗುತ್ತದೆ. ಹೀಗೆ ಮಾಡಿದರೆ ಅದಕ್ಕೆ ಸಲಿಗೆ ಹೆಚ್ಚಾಗುತ್ತದೆಂಬ ಭಯ ಬೇಡ. ಒಂದು ವಾರದಲ್ಲಿ ಭಯ ಕಳೆದ ಮರಿಯ ಪೆಟ್ಟಿಗೆಯನ್ನು ದಿನಕ್ಕೆ ಎರಡು ಅಡಿಯಂತೆ ಸರಿಸುತ್ತ ಬೇಕಾದ ಜಾಗಕ್ಕೆ ಒಯ್ಯಬಹುದು. ಭಯದಲ್ಲಿ ವಾರ ಕಳೆದ ಮರಿಯ ಪುಕ್ಕಲು ಮಾತ್ರ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಮಕ್ಕಳು ಅದನ್ನು ಇಡೀ ದಿನ ಕೈಯಿಂದ ಕೈಗೆ ದಾಟಿಸುತ್ತ ಆಡಿಸುವುದನ್ನೂ ತಡೆಯಬೇಕು. ಎರಡು ತಿಂಗಳ ಮರಿ ದಿನದ ಬಹುಭಾಗ ನಿದ್ದೆ ಮಾಡುತ್ತದೆ, ಮಾಡಲು ಬಿಡಬೇಕು.

ಚಿರತೆಯ ಸಂಚಾರವಿರುವ ಮಲೆನಾಡು, ತುಮಕೂರು, ರಾಮನಗರ ಕಡೆಯ ತೋಟಗಳಲ್ಲಿ ರಾತ್ರಿ ನಾಯಿಯನ್ನು, ಮರಿಯಾಗಲಿ ದೊಡ್ಡದಾಗಲಿ, ಬಾಗಿಲು ಮುಚ್ಚುವ ಜಾಗದಲ್ಲಿಯೇ ಮಲಗಿಸಬೇಕು. ಅಂಗಳದಲ್ಲಿ ಕಟ್ಟಿದ ನಾಯಿ ತಪ್ಪಿಸಿಕೊಳ್ಳಲೂ ಆಗದ ತುತ್ತು. ಅದರ ಜಾಡು ಹಿಡಿದ ಚಿರತೆ ಮತ್ತೆ ಮನೆಯಂಗಳಕ್ಕೇ ಬರುತ್ತದೆ.

ಹೊರಗೆ ಹೋಗುವ ಅಭ್ಯಾಸ

ಮರಿ ನಿದ್ದೆಯಿಂದೆದ್ದ ಕೂಡಲೆ, ತಿಂದ ಐದು ಹತ್ತು ನಿಮಿಷಗಳಲ್ಲಿ, ಹಾಗೂ ಆಟ ಮುಗಿದ ಮೇಲೆ ಮಲಮೂತ್ರ ವಿಸರ್ಜಿಸುತ್ತದೆ. ಈ ಮೂರು ಸಮಯದಲ್ಲಿ ತಪ್ಪದೆ ಎತ್ತಿಕೊಂಡು ಹೋಗಿ ತೋಟದ ಒಂದೇ ಗೊತ್ತಾದ ಜಾಗದಲ್ಲಿ ಬಿಡಬೇಕು. ಕೆಲಸ ಮುಗಿಸಿದಾಗ ಮೆಚ್ಚಿ ತಲೆ ಸವರಬೇಕು, ಒಂದು ಚೂರು ತಿಂಡಿ ಕೊಟ್ಟರೆ ಇನ್ನೂ ಒಳ್ಳೆಯದು. ಎರಡು ತಿಂಗಳ ಮರಿ ಎಚ್ಚರವಿದ್ದಾಗ ಎರಡು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಒಳಗೆ ಗಲೀಜು ಮಾಡಿದರೆ ಅದರ ಮೂತಿಯನ್ನು ಅದಕ್ಕೆ ಉಜ್ಜುವ ವಾಡಿಕೆ ಇದೆ. ಇದರಿಂದ ಮರಿ ಕಲಿಯುವುದು ಒಂದೇ ಪಾಠ: ಯಜಮಾನ ನೋಡುವಾಗ ಮಾಡಬಾರದು, ಕಣಜದ ಹಿಂದೆ ಹೋಗಿ ಮಾಡಬೇಕು! ಮಾಡಿದ ಸ್ವಲ್ಪ ಹೊತ್ತಿನ ನಂತರ ಕೊಟ್ಟ ಪೆಟ್ಟಿಗೂ ತನ್ನ ಕೆಲಸಕ್ಕೂ ನಾಯಿ ಸಂಬಂಧ ಕಲ್ಪಿಸಲಾರದು. ಗೊತ್ತು ಮಾಡಿದ ಆ ಜಾಗ ತರಕಾರಿ ಮಡಿ, ಮೇವಿನ ಬಣವೆ ಮತ್ತು ಕುಡಿಯುವ ನೀರಿನಿಂದ ದೂರವಿರಬೇಕು. ಕಾರಣ ಮುಂದೆ ತಿಳಿಯುತ್ತದೆ.

ಮುದ್ದೆ ಒಂದೇ ಸಾಲದು

ಎರಡರಿಂದ ಮೂರು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಅನಂತರ ಎರಡು ಸಲ ಆಹಾರ ಕೊಡಬೇಕು. ನಮ್ಮ ಕಡೆ ನಾಯಿಗೆ ಮುದ್ದೆ ಅಥವಾ ಸಾರನ್ನವೇ ಆಹಾರ. ರಾಗಿ ಒಳ್ಳೆಯ ಧಾನ್ಯವೆಂಬುದರಲ್ಲಿ ಸಂಶಯವಿಲ್ಲ; 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದು ಬೇರೆ ಯಾವ ಧಾನ್ಯದಲ್ಲಿಯೂ ಅಷ್ಟಿಲ್ಲ. ಆದರೆ ಸಸಾರಜನಕ ಶೇಕಡ 7ರ ಆಸುಪಾಸು ಮಾತ್ರ. ಬೆಳೆಯುವ ಮರಿಯ ಆಹಾರದ ಒಣ ಭಾಗದಲ್ಲಿ ಸಸಾರಜನಕ ಶೇಕಡ 22ಕ್ಕಿಂತ ಕಡಿಮೆ ಇರಬಾರದು. ಬರಿಯ ಮುದ್ದೆ ತಿಂದು ಬೆಳೆದ ಮರಿಯ ಹೊಟ್ಟೆ ಉಬ್ಬಿ, ಕಾಲು ಸೊಟ್ಟಗಾಗಿ, ಕೂದಲು ಮಂಕಾಗುವುದಕ್ಕೆ ಈ ಕೊರತೆ ಒಂದು ಕಾರಣ, ಜಂತುಹುಳು ಇನ್ನೊಂದು. ಮುದ್ದೆ ಅಥವಾ ಅನ್ನದ ಜೊತೆಗೆ ದಿನಕ್ಕೊಂದು ಬೇಯಿಸಿದ ಮೊಟ್ಟೆ, ಮೊಸರು, ಚೆನ್ನಾಗಿ ಬೆಂದ ಬೇಳೆ, ಸಿಕ್ಕಿದಾಗ ಬೇಯಿಸಿದ ಮಾಂಸ ಅಥವಾ ಮುಳ್ಳು ತೆಗೆದ ಮೀನು ಕೂಡಿಸಬೇಕು. ಹಸುವಿನ ಹಾಲು ಕೆಲವು ಮರಿಗಳಿಗೆ ಒಗ್ಗದೆ ಭೇದಿಯಾಗುತ್ತದೆ. ಅಂಥವಕ್ಕೆ ಮೊಸರೇ ಮೇಲು.

ಈರುಳ್ಳಿ, ಬೆಳ್ಳುಳ್ಳಿ ಧಾರಾಳವಾಗಿರುವ ಸಾರು ನಾಯಿಗೆ ತಕ್ಕುದಲ್ಲ. ಅವು ಬೇಯಿಸಿದ ಮೇಲೂ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡಕ್ಕೆ ಹಾನಿ. ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಒಣಗಿಸುವ ಮನೆಯೊಳಕ್ಕೆ ನಾಯಿ ನುಗ್ಗದಂತೆ ನೋಡಿಕೊಳ್ಳಬೇಕು. ಬೇಯಿಸಿದ ಕೋಳಿಯ ಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ನಾಯಿಗೆ ಜ್ವರವೆಂದು ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡುವುದು ಅಪಾಯಕರ. ಒಂದೆರಡು ಮಾತ್ರೆಯಿಂದಲೇ ಸತ್ತ ಮರಿಗಳುಂಟು.

ದನ, ಕುರಿ, ಕೋಳಿ, ಆಳುಕಾಳು

ಕೊಟ್ಟಿಗೆಯ ಪರಿಚಯ ನಿಧಾನವಾಗಿ ಆಗಬೇಕು. ಕರು ಹಾಕಿದ ಹಸು ಹೊಸ ಮರಿಯನ್ನು ತೋಳವೆಂದೇ ಬಗೆದು ಹಾಯುತ್ತದೆ. ಮೊದಲ ದಿನಗಳಲ್ಲಿ ಮರಿಯನ್ನು ಹಗ್ಗದಲ್ಲಿ ಹಿಡಿದು, ದನಗಳು ಮೇವು ತಿನ್ನುವ ಶಾಂತ ವೇಳೆಯಲ್ಲಿ ದೂರದಿಂದ ತೋರಿಸಬೇಕು. ಎರಡೂ ಕಡೆ ಗಾಬರಿ ಇಳಿದಂತೆ ಹತ್ತಿರ ಬರಬಹುದು. ಕೋಳಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಹಗ್ಗದಲ್ಲಿರುವ ಮರಿ ಕೋಳಿಯನ್ನು ನೋಡಿ ಮುಖ ತಿರುಗಿಸಿ ಯಜಮಾನನತ್ತ ನೋಡಿದ ಕ್ಷಣವೇ ಅದಕ್ಕೆ ತಿಂಡಿ ಸಿಗಬೇಕು. ಹೀಗೆ ದಿನಕ್ಕೆ ಹತ್ತು ನಿಮಿಷದಂತೆ ಎರಡು ಮೂರು ವಾರ ಮಾಡಿದರೆ, ಬಹುತೇಕ ಮರಿಗಳಿಗೆ ಕೋಳಿ ಅಂಗಳದ ಒಂದು ಸಾಮಾನಾಗಿ ಬಿಡುತ್ತದೆ. ಒಮ್ಮೆ ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ರೆಕ್ಕೆ ಕಿತ್ತ ಸಂತೋಷ ಕಂಡ ಮೇಲೆ ಬಿಡಿಸುವುದು ಬಹಳ ಕಷ್ಟ. ಸತ್ತ ಕೋಳಿಯನ್ನು ಕೊರಳಿಗೆ ಕಟ್ಟುವ ಹಳೆಯ ಪದ್ಧತಿಯಿಂದ ಪ್ರಯೋಜನವಿಲ್ಲ.

‘ಹೊರಗಿನವರ ಕೈಗೆ ಕೊಟ್ಟರೆ ನಾಯಿ ಕಾವಲಿಗೆ ಬಾರದು’ ಎಂದು ಮರಿಯನ್ನು ಬಚ್ಚಿಟ್ಟು ಬೆಳೆಸುವ ರೈತರು ಅನೇಕರು. ಕೆಲವರು ಖಾರದ ಪುಡಿಯನ್ನೂ ತಿನ್ನಿಸುತ್ತಾರೆ. ಇವೆರಡೂ ಆಧಾರವಿಲ್ಲದ ನಂಬಿಕೆಗಳು. ಖಾರದಿಂದ ಹೊಟ್ಟೆ ಕೆಡುತ್ತದೆ, ಶೌರ್ಯ ಬರುವುದಿಲ್ಲ. ಯಾರನ್ನೂ ನೋಡದೆ ಬೆಳೆದ ನಾಯಿ ಹೊರಗಿನವರೆಲ್ಲರಿಗೂ ಹೆದರುತ್ತದೆ. ಹೆದರಿದ ನಾಯಿ ಓಡಲು ದಾರಿಯಿದ್ದರೆ ಓಡುತ್ತದೆ, ಇಲ್ಲದಿದ್ದರೆ ಕಚ್ಚುತ್ತದೆ. ಕಳ್ಳನಿಗೂ ಕಳೆ ಕೀಳುವ ಹೆಣ್ಣಾಳಿಗೂ ಅದು ವ್ಯತ್ಯಾಸ ಮಾಡದು. ಮರಿಯಿದ್ದಾಗ ಹತ್ತಾರು ಜನರನ್ನು ಕಂಡ ನಾಯಿಗೆ ಸಹಜವಾದ ನಡೆ ಯಾವುದು, ಅಸಹಜ ಯಾವುದು ಎಂಬುದು ತಿಳಿಯುತ್ತದೆ. ಎಂಟು ಹತ್ತು ತಿಂಗಳಾದಾಗ ತನ್ನ ಎಲ್ಲೆಯನ್ನು ಕಾಯುವ ಗುಣ ಯಾರೂ ಕಲಿಸದೆ ತಾನೇ ಬರುತ್ತದೆ. ಆದ್ದರಿಂದ ಮೂರೂವರೆ ತಿಂಗಳು ತುಂಬುವುದರೊಳಗೆ ಕೂಲಿಯಾಳುಗಳು, ಮಕ್ಕಳು, ಮುದುಕರು, ಛತ್ರಿ ಹಿಡಿದವರು, ಟೋಪಿ ಹಾಕಿದವರು ಹೀಗೆ ಬಗೆಬಗೆಯ ಜನರ ಕೈಯಿಂದ ಅದು ತಿಂಡಿ ತಿನ್ನಲಿ. ಟ್ರಾಕ್ಟರು, ಪವರ್ ಟಿಲ್ಲರು, ಪಂಪ್‌ಸೆಟ್ಟು, ಒಕ್ಕಣೆ ಯಂತ್ರಗಳ ಸದ್ದನ್ನು ಮೊದಲು ದೂರದಿಂದ ಕೇಳಲಿ. ಪಶುವೈದ್ಯರು ಮುಂದೆ ಪರೀಕ್ಷಿಸಬೇಕಾದ ಕಿವಿ, ಬಾಯಿ, ಪಾದಗಳನ್ನು ಈಗಲೇ ದಿನಕ್ಕೊಮ್ಮೆ ಮುಟ್ಟಿ ನೋಡುವ ಅಭ್ಯಾಸವನ್ನೂ ಮಾಡಬೇಕು.

ಮರಿಗೆ ಕೊರಳಪಟ್ಟಿ ಹಾಕಿದಾಗ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಬೆಳೆಯುವ ಮರಿಯಾದ್ದರಿಂದ ವಾರಕ್ಕೊಮ್ಮೆ ನೋಡಬೇಕು. ಇಡೀ ದಿನ ಗಿಡ್ಡ ಸರಪಣಿಯಲ್ಲಿ ಕಟ್ಟುವುದು ನಾಯಿಯ ಸ್ವಭಾವವನ್ನು ಕೆಡಿಸುವ ಖಚಿತ ಮಾರ್ಗ. ಅಷ್ಟೇ ಅಲ್ಲ, ವಿಪರೀತ ಗಿಡ್ಡ ಅಥವಾ ಭಾರವಾದ ಸರಪಣಿಯಲ್ಲಿ ಬಹಳ ಹೊತ್ತು ಕಟ್ಟುವುದು, ಸದಾ ಕಟ್ಟಿರುವ ನಾಯಿಗೆ ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದಂತೆ ಅಪರಾಧ. ಕಟ್ಟಲೇಬೇಕಾದಾಗ ಎರಡು ತೆಂಗಿನ ಮರಗಳ ನಡುವೆ ಗಟ್ಟಿ ತಂತಿ ಎಳೆದು, ಅದರಲ್ಲಿ ಜಾರುವ ಬಳೆಗೆ ಹಗ್ಗ ಕಟ್ಟಿದರೆ ನಾಯಿ ಮೂವತ್ತು ನಲವತ್ತು ಅಡಿ ಓಡಾಡಬಹುದು. ಖರ್ಚು ಕಡಿಮೆ. ನೆರಳು, ನೀರು ಎರಡೂ ಅದರ ಅಳತೆಯೊಳಗಿರಲಿ.

ಜಂತುಹುಳು: ಕುರಿ ಸಾಕುವವರು ವಿಶೇಷವಾಗಿ ಗಮನಿಸಬೇಕು

ನಾಯಿಮರಿಗಳಲ್ಲಿ ಹೆಚ್ಚಿನವು ಹುಟ್ಟುವಾಗಲೇ ದುಂಡುಹುಳುವಿನ ಸೋಂಕು ಹೊತ್ತು ಬರುತ್ತವೆ. ತಾಯಿಯ ಗರ್ಭದಲ್ಲಿ ಮತ್ತು ಹಾಲಿನ ಮೂಲಕ ಮರಿಹುಳುಗಳು ದಾಟುತ್ತವೆ. ಕೊಕ್ಕೆಹುಳು ರಕ್ತ ಹೀರಿ ಮರಿಯ ವಸಡನ್ನು ಸುಣ್ಣದಂತೆ ಬಿಳುಪಾಗಿಸುತ್ತದೆ. ಆದ್ದರಿಂದ ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅನಂತರ ಮೂರು ತಿಂಗಳಿಗೊಮ್ಮೆ ಮರಿಯ ತೂಕಕ್ಕೆ ತಕ್ಕಂತೆ ಪಶುವೈದ್ಯರು ಹೇಳಿದ ಜಂತುನಾಶಕ ಕೊಡಬೇಕು. ಕುರಿಗೆಂದು ತಂದ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಕುಡಿಸಬಾರದು.

ಲಾಡಿಹುಳುವಿನ ವಿಷಯ ಬೇರೆಯೇ. ಅದನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಜಾತ್ರೆ, ಹಬ್ಬಗಳಲ್ಲಿ ಕುರಿ ಕೊಯ್ದಾಗ ಪಿತ್ತಜನಕಾಂಗ ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳು ಕಂಡುಬರುವುದುಂಟು. ತಿನ್ನಲು ಹೇಸಿ ಆ ಭಾಗವನ್ನು ಕತ್ತರಿಸಿ ಎದುರಿಗಿರುವ ನಾಯಿಗೆ ಎಸೆಯುತ್ತಾರೆ. ಅದೇ ಅನಾಹುತದ ಮೂಲ. ಆ ಗುಳ್ಳೆಯೊಳಗೆ ಎಕಿನೊಕಾಕಸ್ ಎಂಬ ಅತಿ ಸಣ್ಣ ಲಾಡಿಹುಳುವಿನ ಸಾವಿರಾರು ತಲೆಗಳಿರುತ್ತವೆ. ಅವು ನಾಯಿಯ ಕರುಳಿನಲ್ಲಿ ಬೆಳೆದು, ಸುಮಾರು ಆರೇಳು ವಾರಗಳಲ್ಲಿ ಮಲದೊಡನೆ ತತ್ತಿಗಳನ್ನು ಹೊರಹಾಕುತ್ತವೆ. ನಾಯಿ ಮಾತ್ರ ಏನೂ ಆಗದಂತೆ ಓಡಾಡಿಕೊಂಡಿರುತ್ತದೆ. ತತ್ತಿಗಳು ಹುಲ್ಲಿಗೆ ಅಂಟಿ ಕುರಿಯ ಹೊಟ್ಟೆ ಸೇರುತ್ತವೆ. ನಾಯಿಯ ಮೈಕೂದಲಿಗೆ ಅಂಟಿ, ಅದನ್ನು ತಬ್ಬಿ ಆಡಿದ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಬರುತ್ತವೆ. ಮನುಷ್ಯನ ಪಿತ್ತಜನಕಾಂಗದಲ್ಲಿ, ಶ್ವಾಸಕೋಶದಲ್ಲಿ ಅದೇ ನೀರುಗುಳ್ಳೆ ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆದು, ಅನೇಕ ಸಲ ಶಸ್ತ್ರಚಿಕಿತ್ಸೆಗೇ ಎಡೆಮಾಡುತ್ತದೆ. ಕುರಿಗಳು ಒಂದೇ ಕಡೆ ಗಿರ್ರನೆ ಸುತ್ತಿ ಬಿದ್ದು ಸಾಯುವ ತಲೆಸುತ್ತು ರೋಗಕ್ಕೂ ನಾಯಿಯ ಇನ್ನೊಂದು ಲಾಡಿಹುಳುವೇ ಕಾರಣ. ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕಿದರೆ ಮಿದುಳಿನ ಗುಳ್ಳೆಯ ಮೂಲಕ ಆ ಚಕ್ರ ಮುಂದುವರಿಯುತ್ತದೆ.

ಈ ಚಕ್ರವನ್ನು ಮುರಿಯುವುದು ರೈತನ ಕೈಯಲ್ಲೇ ಇದೆ. ಹಸಿ ಕರುಳು, ಪಿತ್ತಜನಕಾಂಗ, ಶ್ವಾಸಕೋಶ, ತಲೆ ಯಾವುದನ್ನೂ ನಾಯಿಗೆ ಹಾಕಕೂಡದು; ಚೆನ್ನಾಗಿ ಬೇಯಿಸಿ ಹಾಕಬೇಕು, ಇಲ್ಲವೆ ನಾಯಿ ಕೆದಕದಷ್ಟು ಆಳಕ್ಕೆ ಹೂಳಬೇಕು. ಎಲ್ಲ ಜಂತುನಾಶಕಗಳೂ ಈ ಹುಳುವನ್ನು ಕೊಲ್ಲುವುದಿಲ್ಲ. ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯನ್ನೇ ಕೇಳಿ ಪಡೆಯಬೇಕು. ಹಸು ಈದ ಮೇಲೆ ಬೀಳುವ ಕಸವನ್ನು ನಾಯಿ ತಿನ್ನುವುದನ್ನೂ ತಪ್ಪಿಸಬೇಕು. ನಾಯಿಯ ಮಲದಿಂದ ಕೆಟ್ಟ ಮೇವಿನ ಮೂಲಕ ಹಸುಗಳಲ್ಲಿ ಗರ್ಭಪಾತ ತರುವ ನಿಯೋಸ್ಪೊರಾ ಎಂಬ ಸೂಕ್ಷ್ಮಜೀವಿ ಹರಡುವ ಒಂದು ಮಾರ್ಗ ಅದು. ಮರಿಯ ಮಲದ ಜಾಗ ಬಣವೆಯಿಂದ ದೂರವಿರಲಿ ಎಂದದ್ದು ಇದಕ್ಕಾಗಿ.

ಲಸಿಕೆ

ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ಸಂಯುಕ್ತ ಲಸಿಕೆಯನ್ನು ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರನೆಯ ವಾರದವರೆಗೆ ಮತ್ತೆ ಮತ್ತೆ ಹಾಕಿಸಬೇಕು. ಒಂದು ಸಲ ಹಾಕಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿರುವವರೆಗೆ ಲಸಿಕೆ ನಾಟುವುದಿಲ್ಲ. ಅದು ಯಾವ ವಾರ ಕರಗುತ್ತದೆಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದಲೇ ಈ ಪುನರಾವೃತ್ತಿ. ವಾಂತಿ ಮತ್ತು ರಕ್ತಭೇದಿಯಿಂದ ಮರಿಯೊಂದು ಸತ್ತ ಮನೆಗೆ ಲಸಿಕೆಯಾಗದ ಹೊಸ ಮರಿಯನ್ನು ಕೂಡಲೆ ತರಬಾರದು. ಪಾರ್ವೊ ವೈರಾಣು ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ, ಮನುಷ್ಯನಿಗೂ ಇಲ್ಲ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಮೊದಲ ಲಸಿಕೆ ಕೊಡಿಸಿ ಬದುಕಿಸಿ ಇಷ್ಟು ಕಾಲವಾದರೂ ನಮ್ಮ ಹಳ್ಳಿಗಳಲ್ಲಿ ಇನ್ನೂ ಸಾವು ನಿಂತಿಲ್ಲ. 2030ರೊಳಗೆ ನಾಯಿಯಿಂದ ಬರುವ ರೇಬೀಸ್ ಅನ್ನು ಇಲ್ಲವಾಗಿಸುವ ರಾಷ್ಟ್ರೀಯ ಕಾರ್ಯಯೋಜನೆಯನ್ನು ಭಾರತ ಸರ್ಕಾರ 2021ರಲ್ಲಿ ಪ್ರಕಟಿಸಿದೆ. ಮರಿ ಚಿಕ್ಕದು, ಅದಕ್ಕೆಲ್ಲಿಯ ಹುಚ್ಚು ಎಂದು ಉದಾಸೀನ ಮಾಡಬಾರದು. ಬೀದಿಯಿಂದ ಎತ್ತಿ ತಂದ ಎರಡು ತಿಂಗಳ ಮರಿಯಲ್ಲಿಯೂ ರೋಗವಿರಬಹುದು. ಕಚ್ಚಿದರೆ, ಹಲ್ಲು ತಗುಲಿ ಗೀರಿದರೆ ಅಥವಾ ಗಾಯವನ್ನು ನೆಕ್ಕಿದರೆ ಆ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಪೂರ್ತಿ ಹದಿನೈದು ನಿಮಿಷ ತೊಳೆಯಬೇಕು. ಪಂಪ್‌ಸೆಟ್ಟಿನ ನೀರು ಇದ್ದರೆ ಅದೇ ಸಾಕು. ಸುಣ್ಣ, ಅರಿಶಿನ, ಖಾರದ ಪುಡಿ, ಎಲೆಯ ರಸ ಯಾವುದನ್ನೂ ಮೆತ್ತಬಾರದು. ತೊಳೆದ ಮೇಲೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇನ್ನೊಂದು ಚುಚ್ಚುಮದ್ದು, ಇಮ್ಯುನೋಗ್ಲಾಬ್ಯುಲಿನ್, ಅಗತ್ಯ. ಕಚ್ಚಿದ ನಾಯಿಯನ್ನು ಕೊಲ್ಲದೆ ಹತ್ತು ದಿನ ಕಟ್ಟಿ ಗಮನಿಸಬೇಕು. ಆದರೆ ಆ ಹತ್ತು ದಿನ ಕಾದು ಆಮೇಲೆ ಲಸಿಕೆ ಪಡೆಯೋಣವೆಂಬ ಯೋಚನೆ ಪ್ರಾಣಕ್ಕೆ ಎರವಾಗುತ್ತದೆ.

ತೋಟದೊಳಗಿನ ಅಪಾಯಗಳು

ಪೇಟೆಯ ನಾಯಿಗಿಲ್ಲದ ಕೆಲವು ಅಪಾಯಗಳು ತೋಟದ ಮರಿಗಿವೆ. ಇಲಿಗೆ ಇಡುವ ಸತುವಿನ ಫಾಸ್ಫೈಡ್, ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆ, ಬೆಲ್ಲ ತವುಡು ಬೆರೆಸಿದ ವಿಷಪ್ರಾಶನ ಇವೆಲ್ಲ ನಾಯಿಗೂ ರುಚಿಯೇ. ಪ್ರಾಶನವಿಟ್ಟ ದಿನಗಳಲ್ಲಿ ಮರಿಯನ್ನು ಕಟ್ಟಬೇಕು. ಬೆಳಿಗ್ಗೆ ಉಳಿದದ್ದನ್ನೂ ಸತ್ತ ಇಲಿಗಳನ್ನೂ ಆರಿಸಿ ಹೂಳಬೇಕು. ಹೆಚ್ಚು ಜನ ಅರಿಯದ ವಿಷವೊಂದಿದೆ: ಹರಳು ಹಿಂಡಿ. ಗೊಬ್ಬರವಾಗಿ ಬಹಳ ಒಳ್ಳೆಯದಾದರೂ ಅದರಲ್ಲಿರುವ ರೈಸಿನ್ ಎಂಬ ವಸ್ತು ಉಗ್ರ ವಿಷ. ವಾಸನೆಗೆ ಮರುಳಾಗಿ ನಾಯಿ ಹೊಸದಾಗಿ ನೆಟ್ಟ ಗುಂಡಿಯನ್ನು ಕೆದಕಿ ತಿನ್ನುತ್ತದೆ; ಮೂಳೆಗೊಬ್ಬರ ಬೆರೆತಿದ್ದರಂತೂ ಬಿಡುವುದೇ ಇಲ್ಲ. ಆಮೇಲೆ ವಾಂತಿ, ರಕ್ತಭೇದಿ. ಹಿಂಡಿಯ ಚೀಲವನ್ನು ಬಾಗಿಲಿರುವ ಕೋಣೆಯಲ್ಲಿಟ್ಟು, ಗುಂಡಿಗೆ ಹಾಕಿದಾಗ ಅರ್ಧ ಅಡಿ ಮಣ್ಣು ಮುಚ್ಚಿ ಮೇಲೆ ಮುಳ್ಳು ಹೊದಿಸಬೇಕು. ಬೀಜೋಪಚಾರ ಮಾಡಿದ ಶೇಂಗಾ ಬೀಜವನ್ನೂ ಬಯಲಲ್ಲಿ ಬಿಡಬಾರದು.

ಉಣ್ಣೆ, ಚಿಗಟಗಳಿಗೆ ಹಿಂದೆ ಬಿ.ಎಚ್.ಸಿ. ಪುಡಿ ಉದುರಿಸುವ ಚಾಳಿಯಿತ್ತು. 1997ರಲ್ಲಿ ನಿಷೇಧವಾದ ಆ ಪುಡಿಯ ಹಳೆಯ ಪೊಟ್ಟಣ ಎಲ್ಲಿಯಾದರೂ ಉಳಿದಿದ್ದರೆ ಮುಟ್ಟಕೂಡದು. ಬೆಳೆಗೆಂದು ತಂದ ಕೀಟನಾಶಕವನ್ನು ನೀರಿಗೆ ಬೆರೆಸಿ ಮರಿಗೆ ಸ್ನಾನ ಮಾಡಿಸುವುದು ಅದಕ್ಕಿಂತ ಕೆಟ್ಟದ್ದು. ಮರಿಯ ಚರ್ಮ ಅದನ್ನು ಹೀರುತ್ತದೆ, ಮೈ ನೆಕ್ಕಿಕೊಂಡಾಗ ಹೊಟ್ಟೆಗೂ ಹೋಗುತ್ತದೆ. ಮೂರು ತಿಂಗಳೊಳಗಿನ ಮರಿಯ ಉಣ್ಣೆಗಳನ್ನು ಚಿಮುಟದಿಂದ ಕಿತ್ತು ಸಾಬೂನು ನೀರಿಗೆ ಹಾಕುವುದೇ ಕ್ಷೇಮ. ಉಣ್ಣೆಯ ತತ್ತಿಗಳು ಇರುವುದು ನಾಯಿಯ ಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಬಿರುಕು ಮುಚ್ಚಿ ಸುಣ್ಣ ಬಳಿದರೆ ಅರ್ಧ ಕೆಲಸ ಮುಗಿದಂತೆ.

ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಗಳೂ ಮರಿಗಳ ಪಾಲಿಗೆ ಬಾವಿಗಳೇ. ನೀರು ಕುಡಿಯಲು ಇಳಿದ ಮರಿಗೆ ಜಾರುವ ಹಾಳೆಯ ಮೇಲೆ ಹತ್ತಲಾಗುವುದಿಲ್ಲ. ಸುತ್ತ ಬೇಲಿ ಹಾಕುವುದು ಮಕ್ಕಳ ದೃಷ್ಟಿಯಿಂದಲೂ ಅವಶ್ಯ. ಅದರ ಜೊತೆಗೆ ಒಂದು ಬದಿಯಲ್ಲಿ ಹಳೆಯ ತೆಂಗಿನ ನಾರಿನ ಹಗ್ಗದಿಂದ ಹೆಣೆದ ಬಲೆಯನ್ನು ನೀರಿಗೆ ಮುಟ್ಟುವಂತೆ ಇಳಿಬಿಟ್ಟರೆ ಬಿದ್ದ ಪ್ರಾಣಿ ಹತ್ತಿ ಬರುತ್ತದೆ.

ಬೆಳೆದ ನಾಯಿಯನ್ನು ತಂದಾಗ

ಊರು ಬಿಟ್ಟು ಹೋಗುವವರಿಂದ ಅಥವಾ ನೆಂಟರಿಂದ ಒಂದೆರಡು ವರ್ಷದ ನಾಯಿಯನ್ನು ಪಡೆಯುವುದೂ ಉಂಟು. ಅದು ಹೊಂದಿಕೊಳ್ಳುವ ರೀತಿ ಬೇರೆ. ಮೊದಲ ಮೂರು ದಿನ ಊಟ ಬಿಟ್ಟು ಮೂಲೆ ಹಿಡಿಯಬಹುದು. ಮೂರು ವಾರಕ್ಕೆ ಮನೆಯ ದಿನಚರಿ ಅರ್ಥವಾಗುತ್ತದೆ. ನಮ್ಮದೆಂಬ ಭಾವನೆ ಬರಲು ಮೂರು ತಿಂಗಳು ಬೇಕು. ಮೊದಲ ದಿನಗಳಲ್ಲಿ ಮೇಲೆ ಬಾಗಿ ತಲೆ ಸವರಲು ಹೋಗಬಾರದು, ಬಟ್ಟಲಿಗೆ ಕೈ ಹಾಕಬಾರದು. ಒಬ್ಬರೇ ಊಟ ಹಾಕಿ, ಪಕ್ಕದಲ್ಲಿ ಸುಮ್ಮನೆ ಕುಳಿತು, ಅದು ತಾನಾಗಿ ಬಂದು ಮೂಸುವವರೆಗೆ ಕಾಯಬೇಕು. ಮನೆಯಲ್ಲಿ ಮೊದಲೇ ನಾಯಿಯಿದ್ದರೆ ಎರಡನ್ನೂ ಅಂಗಳದಲ್ಲಿ ಎದುರುಬದುರು ಬಿಡದೆ, ಊರ ಹೊರಗಿನ ದಾರಿಯಲ್ಲಿ ಇಬ್ಬರು ಹಿಡಿದುಕೊಂಡು ಅಕ್ಕಪಕ್ಕ ನಡೆಸಿ ಒಟ್ಟಿಗೆ ಮನೆಗೆ ಕರೆತರಬೇಕು. ಊಟದ ತಟ್ಟೆಗಳು ಬಹಳ ದಿನ ಬೇರೆ ಬೇರೆ ಮೂಲೆಗಳಲ್ಲಿಯೇ ಇರಲಿ.

ಇಂಥ ನಾಯಿ ಹಳೆಯ ಮನೆಯನ್ನು ಹುಡುಕಿಕೊಂಡು ಹೊರಡುವ ಸಂಭವ ಹೆಚ್ಚು. ಎರಡು ಮೂರು ವಾರ ಕಟ್ಟಿ ಬಿಡಬಾರದು. ದಿನಕ್ಕೆರಡು ಸಲ ಹಗ್ಗ ಹಿಡಿದು ಜಮೀನಿನ ಎಲ್ಲೆಯುದ್ದಕ್ಕೂ, ಪ್ರತಿದಿನ ಒಂದೇ ದಾರಿಯಲ್ಲಿ ಸುತ್ತಿಸಬೇಕು. ಹೆಸರು ಹಿಡಿದು ಕರೆದಾಗಲೆಲ್ಲ ಏನಾದರೊಂದು ತಿನ್ನಲು ಕೊಡಬೇಕು. ಕೊರಳಪಟ್ಟಿಯ ಮೇಲೆ ಮನೆಯವರ ದೂರವಾಣಿ ಸಂಖ್ಯೆ ಬರೆಸಬೇಕು. ಮೊದಲ ಸಲ ಹಗ್ಗ ಬಿಚ್ಚುವ ದಿನ ಸಂಜೆಯ ಊಟಕ್ಕೆ ಅರ್ಧ ಗಂಟೆ ಮುಂಚೆ, ನಾಯಿ ಹಸಿದಿರುವಾಗ ಬಿಚ್ಚಿ, ತಟ್ಟೆಯ ಸದ್ದು ಮಾಡಿ ಕರೆಯಬೇಕು. ಹತ್ತು ದಿನ ಹೀಗೆ ನಡೆದ ಮೇಲೆ ಬೆಳಗಿನ ಹೊತ್ತೂ ಬಿಡಬಹುದು.